ಹಣೆಯ ಮೇಲೆ ಐದು ಚುಕ್ಕೆ

"ಬಾಗಿಲು ಹಾಕಬೇಡ ಕಣೇ, ನಾನಿನ್ನೂ ನೋಡಿ ಮುಗಿಸಿಲ್ಲ."

ಪದ್ಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಿನಿಕ್ಕಿನ ಪುಟ್ಟ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಳಗಿನ ಥರ್ಮಾಮೀಟರ್ ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಮೊಸರಿನ ಡಬ್ಬಿ ಇಲ್ಲ, ಯಾರದ್ದೋ ಟಿಫಿನ್ ಇಲ್ಲ, ನೀರಿನ ಬಾಟಲಿಯೂ ಇಲ್ಲ. ಇಪ್ಪತ್ತೆರಡು ವರ್ಷ ಡ್ರಗ್ ಇನ್‌ಸ್ಪೆಕ್ಟರಾಗಿ ದೆಹಲಿಯ ಅಂಗಡಿ, ಆಸ್ಪತ್ರೆಗಳನ್ನು ಜಾಲಾಡಿ ಹೋದ ವರ್ಷ ನಿವೃತ್ತಳಾದವಳು ಅವಳು. ಲಸಿಕೆಯ ಪಕ್ಕದಲ್ಲೇ ಆಲೂ ಪರಾಠ ಇಟ್ಟಿದ್ದ ಫ್ರಿಜ್ಜುಗಳನ್ನು ಎಷ್ಟೋ ಕಂಡಿದ್ದಳು. ಇಷ್ಟು ಚೊಕ್ಕವಾದ ಫ್ರಿಜ್ಜು ಕಂಡು ಅವಳಿಗೆ ಯಾಕೋ ಬೇಜಾರೇ ಆಯಿತು.

ಹಿಂದೆ ಡಾಕ್ಟರ್ ಧಾರಿಣಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ಮೂವತ್ತೆರಡರ ಹುಡುಗಿ, ಚಿತ್ರದುರ್ಗದವಳು, ಚರ್ಮರೋಗದಲ್ಲಿ ಎಂ.ಡಿ. ಮಯೂರ್ ವಿಹಾರದ ಮಾರ್ಕೆಟ್ಟಿನ ಮೊದಲ ಮಹಡಿಯಲ್ಲಿ ಈ ಕ್ಲಿನಿಕ್ ತೆರೆದು ಒಂದೂವರೆ ವರ್ಷವಾಗಿತ್ತು.

ಇದೇ ಕ್ಲಿನಿಕ್ಕಿನಲ್ಲಿ ಹಣೆಯ ಸುಕ್ಕಿಗೆ ಇಂಜೆಕ್ಷನ್ ಹಾಕಿಸಿಕೊಂಡ ಚಂದ್ರಪ್ರಭಾಳ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಅವಳ ಗಂಡ ಸೋಮಶೇಖರ ಸೋಮವಾರ ಬೆಳಿಗ್ಗೆ ಮೆಡಿಕಲ್ ಕೌನ್ಸಿಲ್ಲಿಗೆ ದೂರು ಕೊಡುವವನಿದ್ದ. ದೂರಿನ ಜೊತೆಗೆ ಲಗತ್ತಿಸೋಕೆ ಅವನಿಗೆ ಪದ್ಮಾಳ ವರದಿ ಬೇಕಾಗಿತ್ತು. ಇವತ್ತು ಶನಿವಾರ, ಆಗಲೇ ಮಧ್ಯಾಹ್ನ ಹನ್ನೆರಡು.

"ಆಂಟಿ, ನಿಮ್ಮ ಒಂದು ಹಾಳೆಯ ಮೇಲೆ ನನ್ನ ಕ್ಲಿನಿಕ್ ನಿಂತಿದೆ. ತಪ್ಪಿದ್ರೆ ತಪ್ಪು ಅಂತ ಬರೀರಿ. ಇಲ್ಲದಿದ್ರೆ ಇಲ್ಲ ಅಂತ ಬರೀರಿ. ಅಷ್ಟೇ ಕೇಳೋದು ನಾನು" ಎಂದಳು ಧಾರಿಣಿ.

"ಇಪ್ಪತ್ತೆರಡು ವರ್ಷದಲ್ಲಿ ಸುಳ್ಳು ವರದಿ ಒಂದೂ ಬರೆದಿಲ್ಲ ನಾನು. ಇವತ್ತು ಶುರು ಮಾಡ್ತೀನಾ?"

ಹಾಗಂದಳು, ಸರಿ. ಆದರೆ ಒಳಗಿನ ಮಾತೇ ಬೇರೆಯಿತ್ತು. ಚಂದ್ರಪ್ರಭಾಳ ರೆಪ್ಪೆ ಬಿತ್ತು ಅಂತ ಮೊದಲು ಕೇಳಿದ ದಿನ ಪದ್ಮಾ ಅಡುಗೆಮನೆಗೆ ಹೋಗಿ ಒಂದು ಲೋಟ ಕಾಫಿ ಹೆಚ್ಚಿಗೆ ಮಾಡಿಕೊಂಡು ಕುಡಿದಿದ್ದಳು. ಪಾಪ ಅಂತ ಬಾಯಲ್ಲಿ ಅಂದಳು, ಹೊಟ್ಟೆಯೊಳಗೆ ಮಾತ್ರ ತಣ್ಣಗಾಗಿತ್ತು.

ಹೊಟ್ಟೆಕಿಚ್ಚು ಹೊಸದೇನಲ್ಲ. ಪದ್ಮಾಳ ಗಂಡ ಏಕನಾಥ ಎಂಬತ್ಮೂರನೇ ಇಸವಿಯಲ್ಲಿ ಹುಬ್ಬಳ್ಳಿಯಲ್ಲಿ ಮೊದಲು ನೋಡಿದ ಹೆಣ್ಣು ಇದೇ ಚಂದ್ರಪ್ರಭಾ. ಹುಡುಗ ಬರೀ ಗುಮಾಸ್ತ ಅಂತ ಅವರಪ್ಪ ಒಪ್ಪಲಿಲ್ಲ. ಆಮೇಲೆ ಪದ್ಮಾ. ಈ ಕಥೆಯನ್ನು ಏಕನಾಥ ಮದುವೆಯಾದ ಮೊದಲನೇ ವಾರದಲ್ಲೇ ನಗುನಗುತ್ತ ಹೇಳಿ ಮರೆತೂಬಿಟ್ಟಿದ್ದ. ಪದ್ಮಾ ಮರೆಯಲಿಲ್ಲ. ಹಣೆಬರಹ ನೋಡಿ, ಎಂಟು ವರ್ಷದ ಮೇಲೆ ನೇತ್ರಾವತಿ ಸೊಸೈಟಿಯಲ್ಲಿ ಫ್ಲ್ಯಾಟ್ ಹಂಚಿದಾಗ ಇವರದು ಬಿ ಬ್ಲಾಕ್, ಅವಳದು ಸಿ ಬ್ಲಾಕ್. ಇವರ ಬಾಲ್ಕನಿಯಲ್ಲಿ ನಿಂತರೆ ಅವಳು ಬಟ್ಟೆ ಒಣಹಾಕುವುದು ಕಾಣುತ್ತಿತ್ತು.

ನಲವತ್ತೆಂಟು ವರ್ಷ ಅವಳಿಗೆ, ಪದ್ಮಾಳಿಗಿಂತ ಒಂದೇ ವರ್ಷ ಚಿಕ್ಕವಳು. ಇಲಾಖೆಯಿಂದ ಬೇಗ ಬಿಟ್ಟುಬಂದ ಪದ್ಮಾಳ ಹಣೆಯ ತುಂಬ ಗೆರೆ. ಚಂದ್ರಪ್ರಭಾಳ ಹಣೆ ಇನ್ನೂ ಬಾಳೆಎಲೆ! ಮುಂದಿನ ವಾರ ಕನ್ನಡ ಸಂಘದ ಗಣೇಶೋತ್ಸವದ ನಾಟಕದಲ್ಲಿ ಅವಳಿಗೇ ರಾಣಿಯ ಪಾತ್ರ ಬೇರೆ.

ಈಗ ಆ ಪಾತ್ರ ಸಂಘದ ಇನ್ನೊಬ್ಬ ಸದಸ್ಯೆ ಜಲಜಾಳ ಪಾಲಾಗಿತ್ತು. ಪದ್ಮಾ ಮೊದಲು ಸಂಶಯಪಟ್ಟಿದ್ದೂ ಜಲಜಾಳನ್ನೇ. ಆದರೆ ಚಂದ್ರಪ್ರಭಾ ಇಂಜೆಕ್ಷನ್ ಹಾಕಿಸಿಕೊಂಡ ಶುಕ್ರವಾರ ಅವಳು ಡೆಂಗ್ಯೂ ಜ್ವರದಲ್ಲಿ ನರ್ಸಿಂಗ್ ಹೋಮ್ ಸೇರಿದ್ದಳು. ಅಲ್ಲಿಗೆ ಆ ಹೆಸರು ಹೊಡೆದುಹಾಕಿ ಆಗಿತ್ತು.

"ಫೈಲ್ ಕೊಡು."

ಫೈಲಿನಲ್ಲಿ ಎಲ್ಲ ಇತ್ತು. ಬೇರೆ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೋತೀರಿ ಅಂತ ಎರಡು ಪುಟದ ಪ್ರಶ್ನೆ. ಸೀಸೆಯ ಮೇಲಿನ ಬ್ಯಾಚ್ ನಂಬರಿನ ಚೀಟಿ ಕಿತ್ತು ಅಂಟಿಸಿದ್ದು. ಸೀಸೆಯ ಸೀಲನ್ನು ನನ್ನ ಕಣ್ಣೆದುರೇ ಒಡೆದರು ಅಂತ ಚಂದ್ರಪ್ರಭಾಳ ಸಹಿ. ಶುಕ್ರವಾರ, ಆಗಸ್ಟ್ ಇಪ್ಪತ್ನಾಲ್ಕು, ಎರಡು ಸಾವಿರದ ಏಳು, ಮಧ್ಯಾಹ್ನ ಹನ್ನೆರಡೂವರೆ.

ವರಮಹಾಲಕ್ಷ್ಮಿ ಹಬ್ಬದ ದಿನ.

ಪದ್ಮಾ ಫ್ರಿಜ್ಜಿನ ತಾಪಮಾನದ ಪಟ್ಟಿ ಎಳೆದುಕೊಂಡು ಬೆರಳಿಟ್ಟು ಓದಿದಳು. ದಿನಕ್ಕೆ ನಾಲ್ಕು ಸಲ ಬರೆದಿದ್ದರು. ಆ ಶುಕ್ರವಾರ ಬೆಳಿಗ್ಗೆ ಹನ್ನೊಂದರ ಮನೆ ಮಾತ್ರ ಖಾಲಿ.

"ಇದೇನಿದು?"

"ಕರೆಂಟ್ ಹೋಗಿತ್ತು ಆಂಟಿ. ಮೆಟ್ರೋದವರು ರಸ್ತೆ ಅಗೆಯುವಾಗ ಕೇಬಲ್ ಕತ್ತರಿಸಿದ್ರು. ಎರಡು ಗಂಟೆ ಇರಲಿಲ್ಲ. ಸೀಸೆಗಳನ್ನ ಐಸ್ ಪೆಟ್ಟಿಗೆಗೆ ಹಾಕಿದೆ, ಬರೆಯೋದು ಮರೆತೆ."

ಸಿಕ್ಕಿತು ಅಂದುಕೊಂಡ ಪದ್ಮಾ ಮರುಕ್ಷಣವೇ ನಿಟ್ಟುಸಿರುಬಿಟ್ಟಳು. ಹೊಟ್ಟೆಕಿಚ್ಚಿನ ಹೆಂಗಸು ಏನೇ ಹೇಳಲಿ, ಒಳಗಿದ್ದ ಇನ್‌ಸ್ಪೆಕ್ಟರು ಒಪ್ಪಬೇಕಲ್ಲ! ಈ ಔಷಧಿ ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ, ಹೆಚ್ಚಾಗುವುದಿಲ್ಲ. ಶಕ್ತಿ ಕುಂದಿದ ಔಷಧಿ ಸುಕ್ಕನ್ನೇ ಬಿಡಿಸಲಾರದು, ರೆಪ್ಪೆ ಎಲ್ಲಿ ಬೀಳಿಸೀತು? ಮೇಲಾಗಿ ಅದೇ ಬ್ಯಾಚಿನ ಇನ್ನೊಂದು ಸೀಸೆಯಿಂದ ಅದೇ ಸಂಜೆ ಇಂಜೆಕ್ಷನ್ ಹಾಕಿಸಿಕೊಂಡ ನೋಯ್ಡಾದ ಹೆಂಗಸನ್ನು ಪದ್ಮಾ ನಿನ್ನೆ ಹೋಗಿ ನೋಡಿಬಂದಿದ್ದಳು. ಆಕೆಯ ಕಣ್ಣು ಎರಡೂ ಅಗಲವಾಗಿ ತೆರೆದುಕೊಂಡು ಚೆನ್ನಾಗಿದ್ದವು.

"ಹಾಗಾದ್ರೆ ಕೈತಪ್ಪು. ಸೂಜಿ ಕೆಳಗೆ ಚುಚ್ಚಿದ್ದೀಯ."

ಧಾರಿಣಿ ಫೈಲಿನಿಂದ ಫೋಟೋ ತೆಗೆದು ಮುಂದಿಟ್ಟಳು. ಚಂದ್ರಪ್ರಭಾಳ ಮುಖ, ಹುಬ್ಬುಗಂಟು ಹಾಕಿಕೊಂಡಿದ್ದು. ಹುಬ್ಬುಗಳ ನಡುವೆ ಬಿಳಿ ಪೆನ್ಸಿಲಿನ ಐದು ಚುಕ್ಕೆ, ಪಕ್ಕದಲ್ಲಿ ಅಳತೆಪಟ್ಟಿ. ಪದ್ಮಾ ಕನ್ನಡಕ ಏರಿಸಿ ನೋಡಿದಳು. ಚುಕ್ಕೆಗಳು ಇರಬೇಕಾದ ಜಾಗದಲ್ಲೇ ಇದ್ದವು. ಮೊದಲ ಸಲ ಗಮನಿಸಿದಳು, ಅವಳ ಹುಬ್ಬಿನ ನಡುವೆಯೂ ಎರಡು ಗೆರೆ ಇದ್ದವು. ಅಚ್ಛಾ, ಬಾಳೆಎಲೆಗೂ ಸುಕ್ಕು ಬಂದಿತ್ತೇನು!

"ನಿಮಗೆ ತೋರಿಸ್ಲಾ ಆಂಟಿ, ಹೇಗೆ ಬೀಳುತ್ತೆ ಅಂತ? ಕೂತ್ಕೊಳ್ಳಿ. ಒಂಚೂರು ಸಿಟ್ಟು ಮಾಡ್ಕೊಳ್ಳಿ."

ಸಿಟ್ಟಿಗೆ ಪದ್ಮಾ ಕಷ್ಟಪಡಬೇಕಾಗಲಿಲ್ಲ. ಸಿ ಬ್ಲಾಕಿನ ಬಾಲ್ಕನಿ ನೆನೆಸಿಕೊಂಡಳು, ಹುಬ್ಬು ತಾನೇ ಗಂಟಿಕ್ಕಿತು. ಧಾರಿಣಿ ಬಿಳಿ ಪೆನ್ಸಿಲಿನಿಂದ ಐದು ಚುಕ್ಕೆ ಇಟ್ಟು ಕನ್ನಡಿ ಕೈಗೆ ಕೊಟ್ಟಳು.

"ಔಷಧಿ ಈ ಜಾಗದಲ್ಲೇ ನಿಲ್ಲಬೇಕು. ಅದಕ್ಕೇ ನಾಲ್ಕು ಗಂಟೆ ಹಣೆ ಮುಟ್ಟಬೇಡಿ, ಮಲಗಬೇಡಿ, ಬಗ್ಗಿ ನಮಸ್ಕಾರನೂ ಮಾಡಬೇಡಿ ಅಂತ ಬರೆದು ಕೊಡ್ತೀನಿ. ಯಾರಾದ್ರೂ ಇಲ್ಲಿ ಒತ್ತಿ, ಹೀಗೆ ಪಕ್ಕಕ್ಕೆ ಎಳೆದ್ರೆ..." ಅವಳ ಬೆರಳು ಪದ್ಮಾಳ ಹುಬ್ಬಿನ ನಡುವೆ ಊರಿ, ಎಡಗಡೆಗೆ ಜಾರಿತು. "ಔಷಧಿ ಕೆಳಗಿಳಿದು ರೆಪ್ಪೆ ಎತ್ತೋ ಸ್ನಾಯು ಸೇರ್ಕೊಂಡುಬಿಡಬಹುದು. ಆಮೇಲೆ ಆರು ವಾರ, ಎಂಟು ವಾರ ಆ ರೆಪ್ಪೆ ಏಳಲ್ಲ."

"ಅವಳೇ ಉಜ್ಜಿಕೊಂಡಿರಬಹುದಲ್ಲ?"

"ಬಲಗೈಯವರು ತಮ್ಮ ಹಣೆ ತಾವೇ ಉಜ್ಜಿದ್ರೆ ಸಾಮಾನ್ಯವಾಗಿ ಬಲಗಡೆಗೇ ಎಳೀತಾರೆ. ಅವರದ್ದು ಎಡಗಣ್ಣಿನ ರೆಪ್ಪೆ ಬಿದ್ದಿರೋದು. ಎದುರಿಗೆ ನಿಂತವರು ಯಾರೋ ಬಲಗೈಯಿಂದ ಒತ್ತಿರಬೇಕು. ನಾನು ಕೇಳ್ದೆ ಆಂಟಿ, ಎರಡು ಸಲ ಕೇಳ್ದೆ. ಯಾರೂ ಮುಟ್ಟಲಿಲ್ಲ ಅಂತ ಬರೆದು ಸಹಿ ಹಾಕಿದ್ದಾರೆ."

ಕನ್ನಡಿ ಇನ್ನೂ ಪದ್ಮಾಳ ಕೈಯಲ್ಲಿತ್ತು. ಐದರಲ್ಲಿ ನಡುವಿನ ಚುಕ್ಕೆ ಎಲ್ಲಿತ್ತು ಅಂದರೆ, ದಿನಾ ಬೆಳಿಗ್ಗೆ ಅವಳು ಕುಂಕುಮ ಇಟ್ಟುಕೊಳ್ಳುವ ಜಾಗದಲ್ಲೇ ಇತ್ತು.

ಅವಳು ಕನ್ನಡಿ ಕೆಳಗಿಟ್ಟಳು.

ಆ ಶುಕ್ರವಾರ ಮೂರು ಗಂಟೆಗೆ ಅರಿಶಿನ ಕುಂಕುಮ ಇದ್ದದ್ದು ಪದ್ಮಾಳ ಮನೆಯಲ್ಲೇ. ಹನ್ನೆರಡು ಜನ ಮುತ್ತೈದೆಯರು. ಚಂದ್ರಪ್ರಭಾ ನವಿಲುಬಣ್ಣದ ಇಳಕಲ್ ಸೀರೆ ಉಟ್ಟು ಬಂದು ಎಲ್ಲರ ಕಣ್ಣು ತನ್ನ ಕಡೆಗೆ ತಿರುಗಿಸಿಕೊಂಡು ಕೂತಿದ್ದಳು. ಪದ್ಮಾ ತಟ್ಟೆ ಹಿಡಿದು ಹತ್ತಿರ ಹೋದಾಗ ಮುಖ ಹಿಂದಕ್ಕೆ ಎಳೆದುಕೊಂಡು, "ಕೊಡಿ ಪದ್ಮಾ, ನಾನೇ ಇಟ್ಕೋತೀನಿ" ಅಂದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಏಕನಾಥ, "ಅವರೇ ಇಟ್ಕೊಳ್ಳಲಿ ಬಿಡೇ" ಅಂದ.

ಹೆಂಗಸರ ನಡುವೆ ಗಂಡಸಿಗೇನು ಕೆಲಸ? ಅದೂ ಅವಳ ಪರ ವಹಿಸಿಕೊಂಡು! ಪದ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ, ನನ್ನ ಕೈ ತಾಗಿದರೆ ಬಣ್ಣ ಹೋಗುತ್ತಾ?" ಅಂತ ನಗುನಗುತ್ತಲೇ ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ, ಅವಳ ಹುಬ್ಬಿನ ನಡುವೆ ಇಟ್ಟು, ಬೇಕೆಂದೇ ಜೋರಾಗಿ ಒತ್ತಿ, ಉಜ್ಜಿ ಎಳೆದಿದ್ದಳು. ಕುಂಕುಮ ಹರಡಿಕೊಂಡು ಆ ಚಂದದ ಮುಖ ಒಂದು ಕ್ಷಣವಾದರೂ ವಿಕಾರವಾಗಿ ಕಾಣಲಿ ಅಂತ. ಕಂಡಿತ್ತು ಕೂಡ. ಅವತ್ತು ಅದು ಎಷ್ಟು ಖುಷಿ ಕೊಟ್ಟಿತ್ತು!

"ಆಂಟಿ? ನೀರು ಬೇಕಾ?"

"ಬೇಡ." ಪದ್ಮಾ ಫೈಲ್ ಮುಚ್ಚಿದಳು. "ಅವಳು ಇಂಜೆಕ್ಷನ್ ಹಾಕಿಸ್ಕೊಳ್ಳೋದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ ಅಂದ್ರು. ಆದ್ರೆ ಅವತ್ತು ಎರಡು ಗಂಟೆ ಹೊತ್ತಿಗೆ ಒಬ್ಬರು ಫೋನ್ ಮಾಡಿದ್ರು. ಗಂಡಸು, ಕನ್ನಡದಲ್ಲೇ. ಚಂದ್ರಪ್ರಭಾ ಅವರ ಮನೆಯವರು ಮಾತಾಡೋದು, ಕುಂಕುಮ ಇಡಬಹುದಾ ಅಂತ ಕೇಳಿದ್ರು. ನಾಲ್ಕೂವರೆ ತನಕ ಹಣೆ ಮುಟ್ಟಲೇಬಾರದು ಅಂತ ನಾನೇ ಹೇಳ್ದೆ."

ಪದ್ಮಾಳಿಗೆ ಹೋದ ಜೀವ ಬಂದಂತಾಯಿತು. ಸೋಮಶೇಖರ! ಗಂಡನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಯನ್ನು ಅರಿಶಿನ ಕುಂಕುಮಕ್ಕೆ ಕಳಿಸಿ, ಈಗ ಈ ಹುಡುಗಿಯ ಮೇಲೆ ದೂರು ಬರೆಯುತ್ತಿದ್ದಾನೆ.

"ಆ ನಂಬರ್ ಸಿಗುತ್ತಾ?"

"ರಿಸೆಪ್ಷನ್ನಿನ ತನುಶ್ರೀ ಬಂದ ಕರೆಗಳ ನಂಬರೆಲ್ಲ ಬರೆದಿಡ್ತಾಳೆ. ಊಟಕ್ಕೆ ಹೋಗಿದ್ದಾಳೆ, ಬಂದ ಕೂಡ್ಲೇ ಹುಡುಕಿಸಿ ನಿಮ್ಮ ಮೊಬೈಲಿಗೆ ಮೆಸೇಜ್ ಮಾಡ್ತೀನಿ." ಧಾರಿಣಿ ಬಾಗಿಲ ತನಕ ಬಂದಳು. "ಆಂಟಿ, ಯಾರು ಮುಟ್ಟಿದ್ರು ಅಂತ ಗೊತ್ತಾಯ್ತಾ?"

"ಚಲೋ, ಸಂಜೆ ಹೇಳ್ತೀನಿ" ಅಂತ ಪದ್ಮಾ ಮೆಟ್ಟಿಲಿಳಿದಳು.

ಸೈಕಲ್ ರಿಕ್ಷಾದಲ್ಲಿ ಕೂತು ದಾರಿಯುದ್ದಕ್ಕೂ ಅವಳು ವರದಿಯ ವಾಕ್ಯ ಕಟ್ಟಿದಳು. ಕ್ಲಿನಿಕ್ಕಿನಲ್ಲಿ ದೋಷವಿಲ್ಲ ಅಂತ ಬರೆದರೆ ದೋಷ ಯಾರದ್ದು ಅಂತ ಬರೆಯಬೇಕು. ಪದ್ಮಾ ಅಂತ ಬರೆಯಬೇಕು. ಗೊತ್ತಿಲ್ಲದೆ ಆದದ್ದು ಅಂದರೆ ಯಾರು ನಂಬುತ್ತಾರೆ? ಹದಿನಾರು ವರ್ಷದಿಂದ ಅವಳನ್ನು ಕಂಡರೆ ಇವಳು ಉರಿದುಬೀಳುವುದು ಸೊಸೈಟಿಯ ಕಾವಲುಗಾರನಿಗೂ ಗೊತ್ತು. ಫ್ರಿಜ್ಜಿನ ಖಾಲಿ ಮನೆಯೊಂದನ್ನು ದೊಡ್ಡದು ಮಾಡಿ ಬರೆದುಬಿಟ್ಟರೆ ಸಾಕು, ಪದ್ಮಾ ಬಚಾವ್, ಧಾರಿಣಿ ಮುಗಿದಳು. ಒಂದೇ ಒಂದು ಸಾಲು. ಛೀ ಅನ್ನಿಸಿತು. ಆದರೂ ಆ ಸಾಲು ಮನಸ್ಸಿನಿಂದ ಹೋಗಲಿಲ್ಲ.

"ರೋಕೋ ಭಯ್ಯಾ" ಅಂತ ಸೊಸೈಟಿಯ ಗೇಟಿನಲ್ಲಿ ರಿಕ್ಷಾ ನಿಲ್ಲಿಸಿದಳು.

ಸಿ ಬ್ಲಾಕಿನ ಎರಡನೇ ಮಹಡಿಯಲ್ಲಿ ಚಂದ್ರಪ್ರಭಾಳೇ ಬಾಗಿಲು ತೆಗೆದಳು. ಮನೆಯೊಳಗೂ ಕಪ್ಪು ಕನ್ನಡಕ. ಪದ್ಮಾಳ ಹಣೆ ನೋಡಿ ಅವಳ ಬಾಯಿ ಓರೆಯಾಯಿತು.

"ಚುಕ್ಕೆ ಅಳಿಸ್ಕೊಂಡಿಲ್ಲ ನೀವು. ನೀವೂ ಹಾಕಿಸ್ಕೊಳ್ತೀರಾ?"

ಪದ್ಮಾ ಸೆರಗಿನಿಂದ ಹಣೆ ಒರೆಸಿಕೊಂಡಳು. ಎಂಥ ಹೊತ್ತಿನಲ್ಲೂ ಕುಟುಕದೆ ಬಿಡುವವಳಲ್ಲ ಇವಳು.

"ಕೂತು ಮಾತಾಡೋಣ. ಸೋಮಶೇಖರ್ ಎಲ್ಲಿ?"

"ವಕೀಲರ ಹತ್ತಿರ ಹೋಗಿದ್ದಾರೆ."

"ನಿನ್ನ ಇಂಜೆಕ್ಷನ್ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿ ಕುಂಕುಮ ಇಡಬಹುದಾ ಅಂತ ಕೇಳಿದ್ದಾರೆ. ಸುಳ್ಳು ದೂರು ಕೊಡ್ತಿದ್ದಾರೆ ಅಂತ ಬರೀತೀನಿ ನಾನು."

ಚಂದ್ರಪ್ರಭಾ ಕನ್ನಡಕ ತೆಗೆದಳು. ಎಡಗಣ್ಣು ಮುಕ್ಕಾಲು ಮುಚ್ಚಿತ್ತು. ಇಷ್ಟು ವರ್ಷ ಪದ್ಮಾ ಬೇಡಿಕೊಂಡಿದ್ದು ಇದನ್ನೇ ಇರಬಹುದು, ಆದರೆ ಕಣ್ಣಾರೆ ಕಂಡಾಗ ಖುಷಿ ಹುಟ್ಟಲಿಲ್ಲ. ಒಂದು ಕಣ್ಣಿನಿಂದ ಮಾತ್ರ ನೋಡುತ್ತಿದ್ದವಳ ಮುಖ ದಣಿದ ಹೆಂಗಸಿನ ಮುಖವಾಗಿತ್ತು, ಅಷ್ಟೇ.

"ನಮ್ಮವರು ಅವತ್ತು ಒಂದು ಗಂಟೆಯ ವಿಮಾನದಲ್ಲಿ ಗೌಹಾಟಿಗೆ ಹೋದ್ರು. ಎರಡು ಗಂಟೆಗೆ ಆಕಾಶದಲ್ಲಿದ್ರು. ಬೇಕಿದ್ರೆ ಬೋರ್ಡಿಂಗ್ ಪಾಸ್ ಇದೆ, ಆಫೀಸಿಗೆ ಕೊಡೋಕೆ ಇಟ್ಟಿದ್ದಾರೆ. ಇಂಜೆಕ್ಷನ್ ವಿಷಯ ಅವರಿಗೆ ಗೊತ್ತಾಗಿದ್ದು ರೆಪ್ಪೆ ಬಿದ್ದ ಮೇಲೆ."

ವರದಿಗೆಂದು ಚೀಲದಿಂದ ತೆಗೆದಿದ್ದ ಹಾಳೆಯನ್ನು ಪದ್ಮಾ ತೊಡೆಯ ಮೇಲೆ ಇಟ್ಟುಕೊಂಡಳು.

"ಮತ್ತೆ ಫೋನ್ ಮಾಡಿದ್ದು ಯಾರು?"

"ನನಗೇನು ಗೊತ್ತು?" ಚಂದ್ರಪ್ರಭಾ ತಟ್ಟನೆ ಕಿಟಕಿಯ ಕಡೆಗೆ ನೋಡಿದಳು.

"ಇಂಜೆಕ್ಷನ್ ಹಾಕಿಸ್ಕೊಂಡು ಅರಿಶಿನ ಕುಂಕುಮಕ್ಕೆ ಯಾಕಾದ್ರೂ ಬಂದೆ ನೀನು?"

"ಬರದಿದ್ರೆ ನೀವು ಬಿಡ್ತಿದ್ರಾ? ವರ್ಷಾನುಗಟ್ಟಲೆ ಹೇಳ್ಕೊಂಡು ತಿರುಗ್ತಿದ್ರಿ. ಬಂದ ಮೇಲೆ ಕುಂಕುಮ ಬೇಡ ಅನ್ನೋಕಾಗುತ್ತಾ? ಗಂಡ ಇರೋ ಹೆಂಗಸು! ನಾನೇ ಇಟ್ಕೋತೀನಿ ಅಂದೆನಲ್ಲ." ಅವಳು ಹುಬ್ಬಿನ ನಡುವೆ ಬೆರಳಿಟ್ಟಳು. "ನೀವು ಎಷ್ಟು ಜೋರಾಗಿ ಒತ್ತಿದ್ರಿ ಗೊತ್ತಾ? ಚುಚ್ಚಿದ ಜಾಗ ಐದೂ ಕಡೆ ಉರೀತು. ಅಷ್ಟು ಹೊಟ್ಟೆಕಿಚ್ಚಾ ನನ್ನ ಮೇಲೆ?"

"ಹೌದು" ಅಂದುಬಿಟ್ಟಳು ಪದ್ಮಾ. ತಡೆಯಲಾಗಲಿಲ್ಲ. "ಇದೆ. ಮೊದಲಿಂದಲೂ ಇದೆ. ನನ್ನ ಗಂಡ ಮೊದಲು ನೋಡಿದ್ದು ನಿನ್ನ. ಈಗಲೂ ನೀನು ಸಂಘದಲ್ಲಿ ಹಾಡಿದ್ರೆ ಮುಂದಿನ ಸಾಲಲ್ಲಿ ಕೂತು ತಾಳ ಹಾಕ್ತಾರೆ. ಸಂಕಟ ಆಗುತ್ತೆ ನಂಗೆ. ಆದ್ರೆ ಕಣ್ಣು ಕೆಡಿಸೋಷ್ಟು ಕೆಟ್ಟವಳಲ್ಲ. ನನಗೆ ಗೊತ್ತಿರಲಿಲ್ಲ ಚಂದ್ರಪ್ರಭಾ."

ಕೆಳಗೆ ತರಕಾರಿಯವನು ಕೂಗುತ್ತ ಹೋದ.

"ನಾನು ಒತ್ತಿದ್ದು ಗೊತ್ತಿದ್ದೂ ಧಾರಿಣಿ ಹತ್ರ ಯಾರೂ ಮುಟ್ಟಲಿಲ್ಲ ಅಂತ ಯಾಕೆ ಬರೆದುಕೊಟ್ಟೆ?" ಪದ್ಮಾ ಮೆಲ್ಲಗೆ ಕೇಳಿದಳು. "ನನ್ನ ಹೆಸರು ಹೇಳಿ ಸೇಡು ತೀರಿಸ್ಕೋಬಹುದಿತ್ತು. ನಾನಾಗಿದ್ರೆ ಹೇಳ್ತಿದ್ದೆ. ನನ್ನ ಕಾಪಾಡೋಷ್ಟು ಪ್ರೀತಿ ನಿನಗಿಲ್ಲ. ಯಾರನ್ನ ಕಾಪಾಡ್ತಿದ್ದೀಯ?"

ಚಂದ್ರಪ್ರಭಾ ಎದ್ದು, "ಕಾಫಿ ತರ್ತೀನಿ" ಅಂತ ಒಳಗೆ ಹೋದಳು. ಸ್ಟೀಲಿನ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಆಗಲೇ ಪದ್ಮಾಳ ಕೈಚೀಲದಲ್ಲಿ ಮೊಬೈಲ್ ಗುಂಯ್ ಅಂದಿತು. ಧಾರಿಣಿಯ ಮೆಸೇಜು. ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದ ಕರೆ, ಲ್ಯಾಂಡ್‌ಲೈನ್ ನಂಬರ್. ಪದ್ಮಾ ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದೇ ಅಂಕಿ ಓದಿದಳು. ಕೊನೆಗೆ ನಾಲ್ಕು, ನಾಲ್ಕು, ಒಂದು, ಏಳು. ಮತ್ತೊಮ್ಮೆ ಮೊದಲಿಂದ ಓದಿದಳು.

ಹದಿನಾರು ವರ್ಷದಿಂದ ರೇಷನ್ ಕಾರ್ಡಿಗೆ, ಗ್ಯಾಸ್ ಏಜೆನ್ಸಿಗೆ, ಮಕ್ಕಳ ಶಾಲೆಗೆ ಬರೆದುಕೊಟ್ಟ ನಂಬರು. ಅವಳ ಮನೆಯದೇ ನಂಬರು. ಆ ಹೊತ್ತಿಗೆ ಅವಳು ದೇವರ ಮನೆಯಲ್ಲಿ ಕಳಶಕ್ಕೆ ಹೂ ಮುಡಿಸುತ್ತಿದ್ದಳು. ಮನೆಯಲ್ಲಿದ್ದ ಗಂಡಸು ಒಬ್ಬನೇ.

"ಅವರೇ ಇಟ್ಕೊಳ್ಳಲಿ ಬಿಡೇ" ಅಂದಿದ್ದ ಏಕನಾಥ. ಪರ ವಹಿಸಿದ್ದಲ್ಲ ಅದು. ಗೊತ್ತಿದ್ದು ಆಡಿದ ಮಾತು. ಕಟ್ಟಿಕೊಂಡ ಹೆಂಡತಿಗೆ, ಚಂದ್ರಪ್ರಭಾಳ ಗಂಡನಿಗೆ, ಇಡೀ ಸೊಸೈಟಿಗೆ ಗೊತ್ತಿಲ್ಲದ್ದು ಅವನೊಬ್ಬನಿಗೆ ಗೊತ್ತಿತ್ತು. ಅವಳ ಮನೆಯವರು ಅಂತ ಹೇಳಿಕೊಂಡು ಕೇಳುವಷ್ಟು ಸಲಿಗೆ ಇತ್ತು.

ಇಷ್ಟು ವರ್ಷ ಪದ್ಮಾ ತನ್ನ ಹೊಟ್ಟೆಕಿಚ್ಚಿಗೆ ತಾನೇ ನಾಚಿಕೊಂಡಿದ್ದಳು, ಎಲ್ಲ ನನ್ನ ಕಲ್ಪನೆ ಅಂತ.

ಅವಳು ವರದಿಯ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಮೂಲೆಯ ಸ್ಟೂಲಿನ ಮೇಲೆ ಚಂದ್ರಪ್ರಭಾಳ ಲ್ಯಾಂಡ್‌ಲೈನ್ ಫೋನ್ ಇತ್ತು. ಒಳಗೆ ಕಾಫಿಗೆ ಹಾಲು ಕಾಯುತ್ತಿತ್ತು. ಪದ್ಮಾ ರಿಸೀವರ್ ಎತ್ತಿ ತನ್ನ ಮನೆಯ ನಂಬರನ್ನೇ ಒತ್ತಿದಳು. ಅಲ್ಲಿ ಕರೆ ಮಾಡಿದವರ ನಂಬರು ತೋರಿಸುವ ಪೆಟ್ಟಿಗೆಯನ್ನು ಹೋದ ವರ್ಷ ಹಟ ಮಾಡಿ ಹಾಕಿಸಿದ್ದು ಅವಳೇ.

ಒಂದು ಸಲ ರಿಂಗಾಯಿತು. ಎರಡನೆಯದು ಪೂರ್ತಿಯಾಗುವ ಮೊದಲೇ ಫೋನ್ ಎತ್ತಿದರು.

ಪದ್ಮಾ ಏನೂ ಮಾತಾಡಲಿಲ್ಲ.

"ಹೇಳು ಚಂದ್ರಾ" ಅಂತು ಏಕನಾಥನ ದನಿ, ಮದುವೆಯಾದ ಹೊಸದರಲ್ಲಿ ಕೇಳಿ ಮರೆತೇಹೋಗಿದ್ದ ಮೆತ್ತನೆಯ ದನಿ. "ಅವಳು ಬಂದಿದ್ದು ಬಾಲ್ಕನಿಯಿಂದ ಕಂಡಿತು, ಹೊರಟಳಾ? ಯಾರೂ ಮುಟ್ಟಲಿಲ್ಲ ಅಂತ ನಾನು ಬರೆಸಿದ ಕಾಗದದ ವಿಷಯ ಏನೂ ಬಾಯಿಬಿಡಲಿಲ್ಲ ತಾನೇ ನೀನು?"